ಅರವತ್ತೆಂಟು ಕಿಲೋ

ಸರೀ-ಬೆಲ್ ಬೆಟ್ಟದ ನೆತ್ತಿಯನ್ನು ನಮಗೆ ಕೊಟ್ಟದ್ದು ಅದು ಯಾರಿಗೂ ಬೇಡವಾಗಿತ್ತು ಅಂತ.

ಹದಿನಾರು ವರ್ಷದ ಹಿಂದೆ ನಾವು ಇಪ್ಪತ್ತು ಮನೆಯವರು ತಾಜಿಕರ ದೇಶದ ಪಾಮಿರ್ ಬೆಟ್ಟಗಳ ಮುರ್ಗಾಬಿನಿಂದ ಎರಡು ಲಾರಿಗಳಲ್ಲಿ ಕುರಿಗಳ ಜೊತೆ ಬಂದಿಳಿದೆವು. ಅಲ್ಲಿ ತಾಜಿಕರು, “ನೀವು ಕಿರ್ಗಿಜರು, ನಿಮ್ಮ ದೇಶಕ್ಕೆ ಹೋಗಿ” ಅಂದಿದ್ದರು. ಇಲ್ಲಿ ಕಿರ್ಗಿಜರ ದೇಶಕ್ಕೆ ಬಂದರೆ ಅವರು ನಮ್ಮನ್ನು “ತಾಜಿಕರು” ಅಂತ ಕರೆದರು. ನಮ್ಮ ಮಾತಿನ ಎಳೆತ ಬೇರೆ. ಮುಖ ಗಾಳಿಗೆ ಸುಟ್ಟು ಕಪ್ಪಾಗಿತ್ತು. ಕೈಯಲ್ಲಿ ಪೌರತ್ವದ ಕಾಗದ ಇರಲಿಲ್ಲ. ಊರಿನ ಹುಲ್ಲುಗಾವಲು ಸಮಿತಿ ಜಾಗ ಹಂಚುವಾಗ ತೊರೆಯ ಬದಿಯದ್ದು ಊರವರಿಗೆ, ಬಿಸಿಲಿನ ಇಳಿಜಾರು ಊರವರ ನೆಂಟರಿಗೆ, ನೆತ್ತಿ ನಮಗೆ ಅಂತ ಬರೆಯಿತು.

“ಅಲ್ಲಿ ಗುಡಾರ ನಿಲ್ಲಲ್ಲ, ತಲೆ ಮೇಲೆ ಟೋಪಿ ನಿಲ್ಲಲ್ಲ” ಅಂದ ಸಮಿತಿಯ ಮುಖ್ಯಸ್ಥ. “ನೀವು ನಿಲ್ತೀರಿ ಬಿಡಿ. ಗಟ್ಟಿ ಜನ.”

ನಿಂತೆವು. ಎಂಟು ವರ್ಷ ಕುರಿ ಮೇಯಿಸಿದೆವು. ಆಮೇಲೆ ರಾಜಧಾನಿಯಿಂದ ಮೆಲಿಸ್ ಬಂದ.

ಅವನ ಅಪ್ಪ ಹಳೆಯ ಕಾಲದ ಪಕ್ಷದ ಮನುಷ್ಯನಂತೆ. ಮಾರ್ಕ್ಸ್, ಏಂಗೆಲ್ಸ್, ಲೆನಿನ್, ಸ್ಟಾಲಿನ್ ಹೆಸರುಗಳ ಮೊದಲಕ್ಷರ ಕೂಡಿಸಿ ಮಗನಿಗೆ ಮೆಲಿಸ್ ಅಂತ ಹೆಸರಿಟ್ಟಿದ್ದನಂತೆ. ಆ ನಾಲ್ವರೂ ಒಟ್ಟಿಗೆ ಬಂದು ಕೇಳಿದ್ದರೂ ಈ ಮೆಲಿಸ್ ನಮಗೆ ಒಂದು ದಿನ ರಜೆ ಕೊಡುತ್ತಿರಲಿಲ್ಲ. ಕೈಯಲ್ಲಿ ಗಾಳಿ ಅಳೆಯುವ ಪುಟ್ಟ ಯಂತ್ರ ಹಿಡಿದು ನೆತ್ತಿಯ ಮೇಲೆ ನಿಂತ. “ದೇವರೇ, ಎಂಥಾ ಗಾಳಿ!” ಅಂದ. ಅವನ ಕಣ್ಣಲ್ಲಿ ನೀರು ಬಂತು. ಎಂಟು ವರ್ಷ ಅದೇ ಗಾಳಿಗೆ ನಮ್ಮ ಕಣ್ಣಲ್ಲೂ ನೀರು ಬಂದಿತ್ತು. ಅದನ್ನು ನೋಡಲು ಯಾರೂ ಬಂದಿರಲಿಲ್ಲ.

ಆ ಚಳಿಗಾಲ ಮುಗಿಯುವುದರೊಳಗೆ ಸಮಿತಿ ಇನ್ನೊಂದು ಕಾಗದಕ್ಕೆ ಸಹಿ ಹಾಕಿತು. ನೆತ್ತಿ ಮೆಲಿಸ್‌ನ ಹಾರಾಟದ ಕ್ಲಬ್ಬಿಗೆ ಹೋಯಿತು. ಕುರಿ ಹತ್ತಿಸಬಾರದು ಅಂತ ಹಲಗೆ ನೆಟ್ಟರು. ಕುರಿಯ ಹಿಕ್ಕೆಯಿಂದ ರೆಕ್ಕೆಯ ಬಟ್ಟೆ ಕೆಡುತ್ತದಂತೆ. ಆ ಹಲಗೆಯನ್ನು ಮೇಲೆ ಹೊತ್ತು ತಂದವನು ನನ್ನ ಗಂಡ ತಾಬಲ್ಡಿ. ಗುಂಡಿ ತೋಡಿದವಳು ನಾನು. ಯಾಕೆಂದರೆ ಕುರಿ ಮಾರಿದ ಮೇಲೆ ನಮಗೆ ಉಳಿದ ಕೆಲಸ ಅದೊಂದೇ, ಹೊರುವುದು.

ಜೀಪಿನ ದಾರಿ ತೊರೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ನೆತ್ತಿಗೆ ಒಂದೂವರೆ ಗಂಟೆಯ ಏರು. ಪ್ಯಾರಾಗ್ಲೈಡರ್‌ನ ಬಟ್ಟೆ ರೆಕ್ಕೆಯ ಚೀಲ ಇಪ್ಪತ್ತು ಕಿಲೋ. ಇಬ್ಬರು ಹಾರುವಂಥದ್ದಾದರೆ ಮೂವತ್ತು. ಅದು ಒಬ್ಬರ ಬೆನ್ನಿಗೆ. ಹ್ಯಾಂಗ್ ಗ್ಲೈಡರ್ ಅಂದರೆ ಮಡಿಸಿದರೂ ಆರು ಮೀಟರ್ ಉದ್ದದ ಕೊಳವೆಗಳ ಗಂಟು. ಅದಕ್ಕೆ ಇಬ್ಬರು ಹೆಗಲು ಕೊಡಬೇಕು, ಹೆಣ ಹೊತ್ತ ಹಾಗೆ. ಮುಂದೆ ಶೆಕೆರ್ ಅಕ್ಕ, ಹಿಂದೆ ನಾನು. ನಮ್ಮ ಜೊತೆ ಲಾರಿಯಲ್ಲಿ ಬಂದ ಶೆಕೆರ್ ಅಕ್ಕನಿಗೆ ಐವತ್ತೆರಡು ವರ್ಷ, ಎರಡು ಮೊಣಕಾಲೂ ಊದಿದ್ದವು. ತಿರುವುಗಳಲ್ಲಿ ಅವಳು ನಿಂತರೆ ಕೊಳವೆಯ ತುದಿ ನನ್ನ ಕುತ್ತಿಗೆಗೆ ಗುದ್ದುತ್ತಿತ್ತು. ಗುದ್ದಿದ ಜಾಗದಲ್ಲಿ ಗಂಟು ಬೆಳೆಯಿತು. ಇವತ್ತಿಗೂ ಇದೆ, ಮುಟ್ಟಿ ನೋಡಬಹುದು.

“ಹೆಣಾನಾದ್ರೂ ಕೆಳಗೆ ಇಳಿಸ್ತಾರೆ ಕಣೇ” ಅನ್ನುತ್ತಿದ್ದಳು ಶೆಕೆರ್ ಅಕ್ಕ. “ನಾವು ಮೇಲಕ್ಕೆ ಹೊರ್ತೀವಿ. ಆಮೇಲೆ ಅದು ಎದ್ದು ಹಾರ್ಕೊಂಡ್ ಹೋಗತ್ತೆ!”

ದಾರಿಯನ್ನು ಮೇಲಿನವರೆಗೆ ಯಾಕೆ ಮಾಡಿಸಲಿಲ್ಲ ಅಂತ ದುಡ್ಡು ಕೊಟ್ಟು ಹಾರಲು ಬಂದ ಒಬ್ಬ ಅತಿಥಿ ಕೇಳಿದ. “ನಾವು ಪ್ರಕೃತಿಯನ್ನು ಮುಟ್ಟುವುದಿಲ್ಲ” ಅಂದ ಮೆಲಿಸ್, ಎದೆಯ ಮೇಲೆ ಕೈಯಿಟ್ಟು. ಪ್ರಕೃತಿ ಅಂದರೆ ಕಲ್ಲು, ಹುಲ್ಲು, ಹೂವು. ಶೆಕೆರ್ ಅಕ್ಕನ ಮೊಣಕಾಲು ಆ ಪಟ್ಟಿಯಲ್ಲಿ ಇರಲಿಲ್ಲ.

ನೆತ್ತಿಯ ಮೇಲೆ ಒಂದು ಕಕ್ಕಸು ಕಟ್ಟಿದರು. ಹಲಗೆ ಹಲಗೆಯಾಗಿ ಹೊತ್ತದ್ದು ನಾವು. ಅದರ ಬಾಗಿಲಿಗೆ “ಹಾರುವವರಿಗೆ ಮಾತ್ರ” ಅಂತ ಬರೆದರು. ನಾವು ಹೆಂಗಸರು ಹಿಂದಿನ ಬಂಡೆಯ ಸಂದಿಗೆ ಹೋಗಬೇಕು. ಅಲ್ಲಿಗೂ ಒಮ್ಮೆ ಕ್ಯಾಮೆರಾ ಕಟ್ಟಿದ ಪುಟ್ಟ ಯಂತ್ರವೊಂದು ಗುಂಯ್ ಅಂತ ಹಾರಿ ಬಂತು. ಶೆಕೆರ್ ಅಕ್ಕ ಲಂಗ ಹಿಡಿದುಕೊಂಡೇ ಅದಕ್ಕೆ ಕಲ್ಲು ಬೀರಿದಳು. ಅದು ಬಿತ್ತು. ಅವಳನ್ನು ಒಂದು ವಾರ ಕೆಲಸದಿಂದ ಹೊರಗಿಟ್ಟರು. ಯಂತ್ರಕ್ಕೆ ಮಾನ ಹೋಗಿತ್ತು.

ಅತಿಥಿಗಳಿಗೆ ನಿಜವಾದ ಅಲೆಮಾರಿ ಕುಟುಂಬ ನೋಡುವ ಆಸೆ. ಮೆಲಿಸ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡಿದ. “ಊಹೂಂ, ನಿಮ್ಮಲ್ಲಿ ಆ ಕಳೆ ಇಲ್ಲ” ಅಂದ. ನಗರದ ನಾಟಕ ಶಾಲೆಯಿಂದ ಒಂದು ಜೋಡಿಯನ್ನು ತಂದು, ಬಿಳಿ ಕಂಬಳಿ ಗುಡಾರದ ಮುಂದೆ ಕಸೂತಿ ಅಂಗಿ ತೊಡಿಸಿ ಕೂರಿಸಿದ. ಆ ಹುಡುಗಿ ಹುದುಗಿಸಿದ ಕುದುರೆ ಹಾಲು ಕುಡಿದು ಗುಡಾರದ ಹಿಂದೆ ವಾಂತಿ ಮಾಡಿಕೊಂಡಳು. ಅದನ್ನು ತೊಳೆದದ್ದು ಕಳೆ ಇಲ್ಲದ ನಾವು.

ಇದನ್ನೆಲ್ಲ ನುಂಗಿದೆವು. ನುಂಗಲಾರದ್ದು ಇನ್ನೊಂದಿತ್ತು. ಅದರ ಹೆಸರು ತೂಕ.

ಇಬ್ಬರು ಹಾರುವ ರೆಕ್ಕೆಯಲ್ಲಿ ಹಿಂದೆ ಪೈಲಟ್, ಮುಂದೆ ಅತಿಥಿ. ಗಾಳಿ ಚೆನ್ನಾಗಿದ್ದ ದಿನ ಅತಿಥಿಯನ್ನು ಕಟ್ಟಿಕೊಂಡು ಹಾರುತ್ತಾರೆ. ಗಾಳಿಯ ಮೇಲೆ ಅನುಮಾನ ಇದ್ದ ದಿನ ಮೊದಲು ನಮ್ಮಲ್ಲಿ ಒಬ್ಬರನ್ನು ಕಟ್ಟಿ ಬಿಡುತ್ತಾರೆ. ರೆಕ್ಕೆ ಸರಿಯಾಗಿ ನಿಂತರೆ ಅತಿಥಿಗಳ ಸರದಿ. ನಿಲ್ಲದಿದ್ದರೆ ಅತಿಥಿಗಳು ಚಹಾ ಕುಡಿದು ಕೆಳಗಿಳಿಯುತ್ತಾರೆ. ಬೆಳಿಗ್ಗೆ ಮೆಲಿಸ್ ಕೂಗುತ್ತಿದ್ದ, “ಇವತ್ತು ತೂಕ ಯಾರು?” ನಮ್ಮ ಮೈ ಹಗುರ. ಹಾಗಾಗಿ ಸೀಟಿನ ಜೇಬುಗಳಿಗೆ ಕಲ್ಲು ತುಂಬುತ್ತಿದ್ದರು. ಊರವರು ಕೆಳಗಿನಿಂದ ನೋಡಿ, “ತಾಜಿಕರ ಅದೃಷ್ಟ ನೋಡ್ರೋ, ಬಿಟ್ಟಿ ಹಾರಾಟ!” ಅನ್ನುತ್ತಿದ್ದರು. ಒಳ್ಳೆ ಗಾಳಿಯಲ್ಲಿ ನಮ್ಮವರೊಬ್ಬರೂ ಹಾರಿಲ್ಲ ಅಂತ ಅವರಿಗೆ ಗೊತ್ತಿರಲಿಲ್ಲ.

ಹೆಚ್ಚಾಗಿ ತೂಕ ಆಗುತ್ತಿದ್ದವನು ತಾಬಲ್ಡಿ. ಅವನಿಗೆ ಗಾಳಿ ಗೊತ್ತು. ಹಾರಲು ಗಾಳಿ ಮುಂದಿನಿಂದ ಬರಬೇಕು, ಹಿಂದಿನಿಂದ ಬಂದರೆ ರೆಕ್ಕೆ ಮುದುಡುತ್ತದೆ. ಸರೀ-ಬೆಲ್‌ನಲ್ಲಿ ಒಂದು ಕಳ್ಳ ಗಾಳಿ ಇದೆ. ಅದು ಬೆಟ್ಟದ ಹಿಂದಿನಿಂದ ಬಂದು ನೆತ್ತಿಯನ್ನು ದಾಟಿ ಮುಂದೆ ಬೀಳುತ್ತದೆ, ಬಿದ್ದು ಸುತ್ತಿ ಇಳಿಜಾರಿನಲ್ಲಿ ವಾಪಸು ಮೇಲಕ್ಕೆ ಬರುತ್ತದೆ. ಹಾರುವ ಜಾಗದಲ್ಲಿ ನಿಂತವರಿಗೆ ಮುಂದಿನಿಂದ ಬೀಸಿದ ಹಾಗೆ ಕಾಣುತ್ತದೆ. ಕೋಲಿಗೆ ಕಟ್ಟಿದ ಕೆಂಪು ಗಾಳಿಚೀಲವೂ ಹಾಗೇ ತೋರಿಸುತ್ತದೆ. ಕುರಿ ಕಾದವರು ಚೀಲ ನೋಡುವುದಿಲ್ಲ. ಹಿಂದಿನ ದಿಬ್ಬದ ಹುಲ್ಲು ಯಾವ ಕಡೆ ಮಲಗಿದೆ, ಹಳದಿ ಕೊಕ್ಕಿನ ಕಾಗೆಗಳು ಎಲ್ಲಿ ಕೂತಿವೆ ಅಂತ ನೋಡುತ್ತಾರೆ.

ಹೋದ ವರ್ಷ ಜೂನಿನಲ್ಲಿ ತಾಬಲ್ಡಿ ಹುಲ್ಲು ನೋಡಿ, “ಇವತ್ತು ಬೇಡ ಅಣ್ಣ” ಅಂದ.

“ಚೀಲ ನೋಡೋ, ಮುಂದಿನಿಂದ ಬರ್ತಾ ಇದೆ. ಎಷ್ಟು ಓದಿದ್ದೀಯ ನೀನು?” ಅಂದ ಮೆಲಿಸ್.

ಪೈಲಟ್ ಗ್ಲೆಬ್ ಇಲ್ಲೇ ರಾಜಧಾನಿಯಲ್ಲಿ ಹುಟ್ಟಿದ ರಷ್ಯನ್. ಒಳ್ಳೆಯವನು, ಬಾಯಿ ಸತ್ತವನು. ಅವನು ನೆಲ ನೋಡಿದ. ತಾಬಲ್ಡಿಯ ತೊಡೆಯ ಪಕ್ಕದ ಜೇಬುಗಳಿಗೆ ಕಲ್ಲು ತುಂಬಿದವಳು ನಾನೇ. ಅದೂ ನನ್ನ ಕೆಲಸವಾಗಿತ್ತು. ಅವರು ಓಡಿದರು, ಎದ್ದರು. ಮೂವತ್ತು ಮೀಟರ್ ಮೇಲೆ ಹೋಗಿರಬಹುದು. ರೆಕ್ಕೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಮುದುಡಿತು. ಬಂಡೆಯ ಮೇಲೆ ಮೊದಲು ಬಿದ್ದವನು ತಾಬಲ್ಡಿ. ಅವನ ಮೇಲೆ ಗ್ಲೆಬ್. ಹಾಗಾಗಿ ಗ್ಲೆಬ್‌ಗೆ ಮೊಣಕೈ ತರಚಿತು ಅಷ್ಟೆ.

ಅವನನ್ನು ಕೆಳಗೆ ತಂದದ್ದು ಹ್ಯಾಂಗ್ ಗ್ಲೈಡರಿನ ಕೊಳವೆಗಳಿಗೆ ಕಂಬಳಿ ಕಟ್ಟಿ. ಮುಂದೆ ಶೆಕೆರ್ ಅಕ್ಕ, ಹಿಂದೆ ನಾನು. ಅವತ್ತು ಅವಳು ಎಲ್ಲೂ ನಿಲ್ಲಲಿಲ್ಲ. ತಾಬಲ್ಡಿ ತೊರೆ ಬರುವವರೆಗೂ ಕೂಗಿದ. ಆಮೇಲೆ ಕೂಗಲಿಲ್ಲ. ಅದರಿಂದ ಇನ್ನೂ ಭಯವಾಯಿತು. ಸೊಂಟದ ಬುಡದಲ್ಲಿ ಮೂಳೆ ಮೂರು ಕಡೆ ಒಡೆದಿತ್ತು. ಆಸ್ಪತ್ರೆಯಲ್ಲಿ ಉಕ್ಕಿನ ಪಟ್ಟಿ ಹಾಕಿದರು. ನಾಲ್ಕು ತಿಂಗಳ ಮೇಲೆ ಎರಡು ಊರುಗೋಲು ಹಿಡಿದು ಎದ್ದು ನಿಂತ. ಬಲಗಾಲು ತಾನಾಗಿ ಬರುವುದಿಲ್ಲ, ಎಳೆದುಕೊಂಡು ಹೋಗಬೇಕು.

ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಲು ಅಪಘಾತದ ಕಾಗದ ಬೇಕು ಅಂದರು. ತೊರೆಯ ಪಕ್ಕ ಕೋಣೆಯಷ್ಟು ದೊಡ್ಡ ತಗಡಿನ ಪೆಟ್ಟಿಗೆಯೊಳಗೆ ಕ್ಲಬ್ಬಿನ ಕಚೇರಿ. ಅಲ್ಲಿಗೆ ಹೋದೆ. ಮೆಲಿಸ್ ಸಂತೋಷದಿಂದ ಕಡತ ತೆಗೆದ. “ನೋಡಮ್ಮ, ಎಲ್ಲಾ ಕ್ರಮವಾಗಿ ಬರೆದಿಟ್ಟಿದ್ದೀವಿ” ಅಂದ.

ಓದಿದೆ. ಪೈಲಟ್ ಗ್ಲೆಬ್, ಮೊಣಕೈಗೆ ತರಚಿದ ಗಾಯ. ರೆಕ್ಕೆ, ಎರಡು ಕಡೆ ಹರಿದಿದೆ. ಹಗ್ಗ ನಾಲ್ಕು ತುಂಡಾಗಿವೆ. ಹೆಲ್ಮೆಟ್ ಒಂದು, ಬಿರುಕು. ಕೊನೆಯ ಸಾಲಿನಲ್ಲಿ, ಮುಂದಿನ ಸೀಟಿಗೆ ಕಟ್ಟಿದ್ದು: ಭಾರ, ಅರವತ್ತೆಂಟು ಕಿಲೋ.

“ಇದ್ಯಾರು?” ಅಂದೆ.

“ಯಾವುದು?”

“ಅರವತ್ತೆಂಟು ಕಿಲೋ.”

“ಅದು ನಮ್ಮ ಕಡೆ ಬರೆಯೋ ರೀತಿ ಅಮ್ಮ. ನಿಂಗೆ ಅರ್ಥ ಆಗಲ್ಲ.”

“ಅವನಿಗೆ ಹೆಸರಿದೆ. ತಾಬಲ್ಡಿ.”

“ಹೆಸರು ಬರೆದ್ರೆ ಪಾಸ್‌ಪೋರ್ಟ್ ನಂಬರ್ ಕೇಳ್ತಾರೆ. ಎಲ್ಲಿಂದ ತರ್ಲಿ? ಮನುಷ್ಯ ಅಂತ ಬರೆದಿದ್ರೆ ಅವತ್ತೇ ಪೊಲೀಸ್ ಬರ್ತಿದ್ರು. ನಾನು ಅವನನ್ನ ಉಳಿಸಿದೀನಿ, ತಿಳ್ಕೊ.”

“ಅವನ ತೂಕ ಅರವತ್ತೊಂದು. ಏಳು ಕಿಲೋ ಕಲ್ಲು.”

ಮೆಲಿಸ್ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. “ಲೆಕ್ಕ ಸರಿಯಾಗೇ ಇದೆಯಲ್ಲ ಮತ್ತೆ” ಅಂದ.

ಮನೆಗೆ ಬಂದು ತಾಬಲ್ಡಿಗೆ ಹೇಳಿದೆ. ಅವನು ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಕ್ಕ. ನಕ್ಕರೆ ಸೊಂಟ ಹಿಡಿಯುತ್ತದೆ, ಆದರೂ ನಕ್ಕ.

“ಕಲ್ಲಿಗೆ ಏಟಾಯ್ತೇನೋ ವಿಚಾರಿಸಿದ್ಯಾ?”

“ತಮಾಷೆ ಮಾಡ್ಬೇಡ.”

“ಏ ಅಪಾಲ್, ನಾನು ಭಾರ ಕಣೇ, ಸರ್ಕಾರಿ ಕಾಗದದಲ್ಲಿ ಬಂದಿದೀನಿ. ನಿಮ್ಮ ಅಪ್ಪನ ಮನೆ ಕಡೆ ಯಾರಾದ್ರೂ ಬಂದಿದ್ದಾರಾ?”

ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ನಾನು ಮಾರನೆಯ ದಿನ ಹೊರಲು ಹೋದೆ. ಹೋಗದೆ ಏನು ಮಾಡಲಿ? ಮೆಲಿಸ್ ದೊಡ್ಡ ಮನಸ್ಸು ಮಾಡಿದ್ದ. ತಾಬಲ್ಡಿಯ ಪಾಲಿನ ಚೀಲಗಳನ್ನೂ ನನಗೇ ಕೊಟ್ಟಿದ್ದ.

ಈ ವರ್ಷ ಆಗಸ್ಟಿನಲ್ಲಿ ದೊಡ್ಡ ಪಂದ್ಯ. ಹನ್ನೊಂದು ದೇಶದವರು. ನಾಲ್ಕು ದಿನ ಮುಂಚಿನಿಂದ ಹೊರುವ ನಾವು ಹದಿನಾಲ್ಕು ಜನ ದಿನಕ್ಕೆ ಮೂರು ಮೂರು ಸಲ ಹತ್ತಿದೆವು. ಹಸಿರು ಬೆಟ್ಟದ ಮೇಲೆ ಹಾಸಲು ಹಸಿರು ಜಮಖಾನೆ. ಕುರ್ಚಿಗಳು. ಧ್ವನಿವರ್ಧಕ. ಜಿಲ್ಲೆಯ ಆಡಳಿತಾಧಿಕಾರಿ, ಅಕಿಮ್ ಸಾಹೇಬರು, ಉದ್ಘಾಟನೆಗೆ ಬರುತ್ತಾರೆ ಅಂತ ಅವರ ಮೈಗೆ ತಕ್ಕ ತೋಳುಕುರ್ಚಿ. ಅದನ್ನು ಹೊತ್ತವಳು ಶೆಕೆರ್ ಅಕ್ಕ. ಬೆನ್ನಿಗೆ ಕಟ್ಟಿಕೊಂಡರೆ ಕುರ್ಚಿ ಮಾತ್ರ ಕಾಣುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಬೆಟ್ಟ ಹತ್ತುತ್ತಿರುವುದು ಕುರ್ಚಿಯೇ ಅನ್ನಿಸುತ್ತಿತ್ತು. ಸಾಹೇಬರು ಕುದುರೆಯ ಮೇಲೆ ಬಂದರು. ಇಳಿದ ಮೇಲೆ ಆ ಕುದುರೆ ತುಂಬ ಹೊತ್ತು ಒಂದೇ ಕಡೆ ನಿಂತಿತ್ತು.

ಒಂದು ಹಗ್ಗ ಎಳೆದು ಕಟ್ಟಿ ನಮ್ಮನ್ನು ಅದರ ಹಿಂದೆ ನಿಲ್ಲಿಸಿದರು. ಸಾಹೇಬರು ಭಾಷಣ ಮಾಡಿದರು. ಬೆಟ್ಟ ಜನರದ್ದು, ಆಕಾಶ ಎಲ್ಲರದ್ದು, ಆಕಾಶದಲ್ಲಿ ಮೇಲು ಕೀಳು ಇಲ್ಲ. ಚಪ್ಪಾಳೆ. ಹಗ್ಗದ ಹಿಂದಿನಿಂದ ನಾವೂ ತಟ್ಟಿದೆವು. ತಟ್ಟಬೇಕು ಅಂತ ಬೆಳಿಗ್ಗೆಯೇ ಹೇಳಿದ್ದರು.

ಭಾಷಣ ಮುಗಿಯುವಾಗ ನಾನು ಹಿಂದೆ ತಿರುಗಿ ನೋಡಿದೆ. ಹಿಂದಿನ ದಿಬ್ಬದ ಹುಲ್ಲು ನಮ್ಮ ಕಡೆಗೆ ಮಲಗಿತ್ತು. ಕಾಗೆಗಳು ಬಂಡೆಯ ಸಂದಿಯಲ್ಲಿ ಕತ್ತು ಒಳಗೆಳೆದು ಕೂತಿದ್ದವು. ಮುಂದೆ ಕೆಂಪು ಚೀಲ ಮಾತ್ರ ಚೆಂದವಾಗಿ ಉಬ್ಬಿ, ಬನ್ನಿ ಬನ್ನಿ ಅನ್ನುತ್ತಿತ್ತು.

ಗ್ಲೆಬ್ ರೆಕ್ಕೆ ಹಾಸಿದ. ಹುಲ್ಲು ಕಿತ್ತು ಗಾಳಿಗೆ ಬಿಟ್ಟ. ಇನ್ನೊಮ್ಮೆ ಬಿಟ್ಟ. ಮೆಲಿಸ್‌ನ ಕಿವಿಯಲ್ಲಿ ಏನೋ ಹೇಳಿದ. ಹನ್ನೊಂದು ದೇಶದವರು ತಮ್ಮ ತಮ್ಮ ರೆಕ್ಕೆ ಬಿಚ್ಚದೆ ಕಾದರು. ಟೀವಿಯವರು ಕ್ಯಾಮೆರಾ ತಿರುಗಿಸಿದರು. ಮೆಲಿಸ್‌ಗೆ ಬೆವರು ಬಂತು. ಧ್ವನಿವರ್ಧಕದಲ್ಲೇ ಕೂಗಿದ.

“ತೂಕ!”

ನಮ್ಮ ಕಡೆ ಯಾರೂ ಅಲ್ಲಾಡಲಿಲ್ಲ.

“ಅಪಾಲ್, ನೀ ಬಾ. ಬೇಗ ಬಾ. ಎಷ್ಟಿದ್ದೀಯ, ಐವತ್ತೈದಾ? ಕಲ್ಲು ಹಾಕೋಣ.”

ಕಾಲು ತಾನಾಗಿ ಹೋಯಿತು. ಎಂಟು ವರ್ಷದ ಅಭ್ಯಾಸ. ಕರೆದರೆ ತಲೆಗಿಂತ ಮುಂಚೆ ಕಾಲಿಗೆ ಕೇಳಿಸುತ್ತದೆ. ತೊಡೆಗಳ ನಡುವೆ ಪಟ್ಟಿ ಹಾಯಿಸಿ ಬಿಗಿದರು. ಅಷ್ಟು ಗಂಡಸರ ಮುಂದೆ ನನ್ನ ಲಂಗ ಮುದುಡಿ ಮೊಣಕಾಲಿನ ಮೇಲೆ ಬಂತು. ಯಾರೋ ಸಿಳ್ಳೆ ಹಾಕಿದರು. ಮೆಲಿಸ್ ತಾನೇ ಕೂತು ಜೇಬುಗಳಿಗೆ ಕಲ್ಲು ತುಂಬಿದ. ಕಲ್ಲು ತೊಡೆಗೆ ಒತ್ತಿತು. ಹೀಗೇ ಅಲ್ಲವೇ ನಾನು ತುಂಬಿದ್ದು? ಹೀಗೇ ಒತ್ತಿರಬೇಕು ಅವನಿಗೂ. ಒಂದೊಂದು ಕಲ್ಲೂ ನನ್ನ ಕೈಯಿಂದ ಅವನಿಗೆ ಬಿದ್ದ ಒಂದು ಏಟು.

ಒಂದು ಕಲ್ಲು ತೆಗೆದು ಜಮಖಾನೆಯ ಮೇಲೆ ಹಾಕಿದೆ. ಇನ್ನೊಂದು ಹಾಕಿದೆ.

“ಏನ್ ಮಾಡ್ತಿದ್ದೀಯ?” ಅಂದ ಮೆಲಿಸ್.

“ನಾನ್ ಹಾರಲ್ಲ.”

“ಸಾಹೇಬ್ರು ನೋಡ್ತಿದ್ದಾರೆ!”

“ನೋಡ್ಲಿ. ಹಿಂದಿನಿಂದ ಗಾಳಿ ಬರ್ತಿದೆ. ಹೋದ ವರ್ಷ ನನ್ನ ಗಂಡ ಹೇಳ್ದ, ನೀನು ಕೇಳ್ಲಿಲ್ಲ.”

ಎಂಟು ವರ್ಷದಲ್ಲಿ ಮೊದಲ ಸಲ ಅವನನ್ನು ನೀನು ಅಂದೆ. ಅವನಿಗೆ ಗಾಳಿಗಿಂತ ಅದು ಜೋರಾಗಿ ಬಡಿಯಿತು.

ಅಕಿಮ್ ಸಾಹೇಬರು ತೋಳುಕುರ್ಚಿಯಿಂದಲೇ ಕೇಳಿದರು, “ಏನಂತೆ ಆ ಹೆಂಗಸಿಗೆ?”

“ಭಯ ಸಾಹೇಬ್ರೇ. ತಾಜಿಕ್ ಕಡೆಯವಳು, ಓದಿಲ್ಲ ಬರೆದಿಲ್ಲ.”

“ಭಯ ಯಾಕಮ್ಮ? ಗಾಳಿ ಎಷ್ಟು ಚೆನ್ನಾಗಿದೆ. ನಿಮಗೆಲ್ಲ ಸಿಗದ ಅವಕಾಶ ಇದು” ಅಂದರು ಸಾಹೇಬರು, ಕ್ಯಾಮೆರಾದ ಕಡೆ ಮುಖ ಮಾಡಿ.

ಕೊನೆಯ ಪಟ್ಟಿ ಬಿಚ್ಚಿದೆ. ಹೆಲ್ಮೆಟ್ ತೆಗೆದೆ. ಎರಡನ್ನೂ ಹಿಡಿದು ಹೋಗಿ ಅವರ ಮುಂದೆ ನಿಂತೆ. “ಹಂಗಾದ್ರೆ ನೀವೇ ಬನ್ನಿ ಸಾಹೇಬ್ರೇ. ನಿಮಗೆ ಕಲ್ಲೂ ಬೇಕಾಗಲ್ಲ.”

ಹಗ್ಗದ ಹಿಂದೆ ಶೆಕೆರ್ ಅಕ್ಕ ನಕ್ಕಳು. ಅವಳ ನಗು ಕುದುರೆ ಕೆನೆದ ಹಾಗೆ. ಅತಿಥಿಗಳಿಗೆ ಭಾಷೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಕ್ಯಾಮೆರಾ ನನ್ನಿಂದ ಸಾಹೇಬರ ಹೊಟ್ಟೆಗೆ, ಹೊಟ್ಟೆಯಿಂದ ಹೆಲ್ಮೆಟ್‌ಗೆ ತಿರುಗಿತು. ಸಾಹೇಬರ ಬಿಳಿ ಟೋಪಿಯ ಕೆಳಗೆ ಮುಖ ಕೆಂಪಾಯಿತು.

“ನನಗೆ ರಕ್ತದೊತ್ತಡ” ಅಂದರು. ತಕ್ಷಣ ದಾರಿ ಸಿಕ್ಕಿತು. “ಮೆಲಿಸ್! ನೀನು ಇದರ ಅಧ್ಯಕ್ಷ ತಾನೇ? ನೀನೇ ಹಾರಿ ತೋರಿಸು.”

ಮೆಲಿಸ್‌ನ ತುಟಿ ಬಿಳಿಚಿತು. ಎಂಟು ವರ್ಷದಲ್ಲಿ ಅವನು ಒಮ್ಮೆಯೂ ಹಾರಿರಲಿಲ್ಲ. ಕಚೇರಿಯ ಗೋಡೆಯ ಮೇಲೆ ಮೋಡಗಳ ನಡುವೆ ಅವನು ನಗುತ್ತಿರುವ ದೊಡ್ಡ ಫೋಟೋ ಇದೆ. ಅದನ್ನು ತೆಗೆದ ದಿನ ಎರಡು ಕಂಬಗಳ ನಡುವೆ ಅವನನ್ನು ನೇತುಹಾಕಿ, ಆ ಕಂಬಗಳನ್ನು ಎತ್ತಿ ಹಿಡಿದಿದ್ದವರು ನಾವು ನಾಲ್ವರು. ನಮ್ಮ ತಲೆಗಳನ್ನು ಫೋಟೋದಿಂದ ಕತ್ತರಿಸಿ ತೆಗೆದಿದ್ದರು.

“ಹಾರ್ಲಿ ಹಾರ್ಲಿ!” ಅಂತ ಕೂಗಿದಳು ಶೆಕೆರ್ ಅಕ್ಕ. “ಬೇಕಾದ್ರೆ ಕೆಳಗಿನಿಂದ ಎತ್ತಿ ಹಿಡ್ಕೋತೀವಿ!”

ಆಗ ಗ್ಲೆಬ್ ತನ್ನ ಕೊಂಡಿ ಕಳಚಿಕೊಂಡ. ಜೋರಾಗಿ ಮಾತಾಡುವ ಮನುಷ್ಯನಲ್ಲ, ಆದರೂ ಎಲ್ಲರಿಗೂ ಕೇಳಿಸಿತು. “ನಾನು ಹಾರಲ್ಲ. ಯಾರನ್ನೂ ಕಟ್ಕೊಂಡು ಹಾರಲ್ಲ. ಇವರು ಹೇಳ್ತಿರೋದು ನಿಜ. ಹೋದ್ಸಲಾನೂ ನನಗೆ ಗೊತ್ತಿತ್ತು.”

ಗೊತ್ತಿತ್ತು! ಆ ಮಾತು ಕೇಳಿ ನನಗೆ ಅವನ ಮೇಲೆ ಗೌರವ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ? ಒಂದು ವರ್ಷ ತಡವಾಗಿ ಬಂದ ಬಾಯಿ. ಆದರೂ ಬಂತು.

ಮೆಲಿಸ್ ಆಗಲೂ ಸುಮ್ಮನಿದ್ದರೆ ಆಗುತ್ತಿತ್ತು. ಕ್ಯಾಮೆರಾ ಇತ್ತಲ್ಲ. “ಹಾರೋದು ಬೇಡ, ಎಷ್ಟು ಸುರಕ್ಷಿತ ಅಂತ ತೋರಿಸ್ತೀನಿ” ಅಂತ ನಾನು ಬಿಚ್ಚಿಟ್ಟ ಪಟ್ಟಿಗಳನ್ನು ತಾನೇ ಹಾಕಿಕೊಂಡ. ಗ್ಲೆಬ್ ಬೇಡ ಅಂತ ಕೈ ಎತ್ತುವುದರೊಳಗೆ ಕೊಂಡಿ ಸಿಕ್ಕಿಸಿಕೊಂಡು, ಕ್ಯಾಮೆರಾಕ್ಕೆ ಹಲ್ಲು ತೋರಿಸಿ ಎರಡೂ ಕೈ ಚಾಚಿದ. ಕಳ್ಳ ಗಾಳಿ ಅದಕ್ಕೇ ಕಾದಿತ್ತು ಅನ್ನಿಸುತ್ತದೆ. ಇಳಿಜಾರಿನಿಂದ ಒಮ್ಮೆಲೇ ಮೇಲೆ ನುಗ್ಗಿತು. ಹಾಸಿದ್ದ ರೆಕ್ಕೆ ಧಡ್ ಅಂತ ಎದ್ದು ನಿಂತಿತು. ಮೆಲಿಸ್ ಕುಂಡೆಯ ಮೇಲೆ ಬಿದ್ದ. ರೆಕ್ಕೆ ಅವನನ್ನು ಹಿಂದಕ್ಕೆ ಎಳೆಯಿತು. ಜಮಖಾನೆ ದಾಟಿದ. ಕುರ್ಚಿಗಳ ನಡುವೆ ಹೋದ. ಅಕಿಮ್ ಸಾಹೇಬರು ರಕ್ತದೊತ್ತಡ ಮರೆತು ಜಿಗಿದರು. ಬಿಳಿ ಗುಡಾರದ ಮುಂದಿದ್ದ ಅಲೆಮಾರಿ ಜೋಡಿ ನಗರದ ಕಡೆ ಮುಖ ಮಾಡಿ ಓಡಿತು. ರೆಕ್ಕೆ ಹೋಗಿ ಕಕ್ಕಸಿನ ಮೇಲೆ ಕವುಚಿಕೊಂಡು, ಒಂದು ಗಳಿಗೆ ನಿಂತು, ಮತ್ತೆ ಉಬ್ಬತೊಡಗಿತು. ಕಕ್ಕಸಿನ ಆಚೆ ಹತ್ತು ಹೆಜ್ಜೆಗೆ ಹಿಂದಿನ ಕಮರಿ.

ನಮ್ಮ ಹದಿಮೂರು ಜನ ಹಗ್ಗದ ಹಿಂದೆ, ನಾನು ಅದರ ಮುಂದೆ ನಿಂತಿದ್ದೆವು. ಬೇರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯಲಿಲ್ಲ. ನಮಗೆ ತಿಳಿದಿತ್ತು. ಒಂದು ಉಸಿರಿನಷ್ಟು ಹೊತ್ತು ನಾನು ಅಲ್ಲಾಡಲಿಲ್ಲ. ಹೋಗಲಿ ಅನ್ನಿಸಿತು. ಕಮರಿಗೆ ಹೋಗಲಿ. ಕೆಳಗಿಳಿದು ನಾನೇ ಕಾಗದ ಬರೆಯುತ್ತೇನೆ. ಅದು ನನ್ನ ಮನಸ್ಸಿಗೆ ಬಂದದ್ದು ನಿಜ. ಆಮೇಲೆ ಓಡಿದೆ. ಎಲ್ಲರೂ ಓಡಿದೆವು. ಬಟ್ಟೆಯ ಮೇಲೆ ಹೊಟ್ಟೆ ಊರಿ ಬಿದ್ದೆವು. ಶೆಕೆರ್ ಅಕ್ಕ ಎರಡೂ ಊದಿದ ಮೊಣಕಾಲುಗಳನ್ನು ರೆಕ್ಕೆಯ ಅಂಚಿಗೆ ಊರಿ, ಹಗ್ಗಗಳನ್ನು ಕೈಗೆ ಸುತ್ತಿಕೊಂಡು ಎಳೆದಳು. ಅವಳ ಅಂಗೈ ಸೀಳಿತು. ರೆಕ್ಕೆ ಸತ್ತಿತು.

ಮೆಲಿಸ್ ಮೂಗಿನಿಂದ ರಕ್ತ ಸುರಿಸುತ್ತ ತಲೆ ಎತ್ತಿದ. ಅವನ ಮೊದಲ ಮಾತು ಇದು.

“ಬೂಟು ಬಿಚ್ರೋ! ಬಟ್ಟೆ ಹಾಳಾಗತ್ತೆ!”

ಎದ್ದೆವು. ಚೀಲ, ಕೊಳವೆ, ಕುರ್ಚಿ, ಜಮಖಾನೆ ಎಲ್ಲ ಇದ್ದಲ್ಲೇ ಬಿಟ್ಟು ಇಳಿಯತೊಡಗಿದೆವು.

“ಇದನ್ನೆಲ್ಲ ಯಾರು ಹೊರ್ತಾರೆ?” ಅಂತ ಹಿಂದಿನಿಂದ ಕೂಗಿದರು.

ಶೆಕೆರ್ ಅಕ್ಕ ತಿರುಗಲಿಲ್ಲ. “ಆಕಾಶದಲ್ಲಿ ಮೇಲು ಕೀಳು ಇಲ್ವಂತಲ್ಲ, ಹಂಚ್ಕೊಳ್ರಪ್ಪ!”

ಹೊರಬೇಕಾದ ಭಾರ ಹೊರದೆ ಆ ದಾರಿ ಇಳಿದದ್ದು ಎಂಟು ವರ್ಷದಲ್ಲಿ ಅದೇ ಮೊದಲು. ಭಾರ ಇಲ್ಲದೆ ಎರಡು ಸಲ ಎಡವಿದೆ. ಅವತ್ತು ಹನ್ನೊಂದು ದೇಶದವರು ತಮ್ಮ ತಮ್ಮ ಚೀಲ ತಾವೇ ಹೊತ್ತು ಇಳಿದರು. ತೊರೆಯ ಹತ್ತಿರ ಕೂತು ಹೆಗಲು ತಿಕ್ಕಿಕೊಳ್ಳುವುದನ್ನು ನಮ್ಮ ಹೆಂಗಸರು ನೋಡಿದರು. ಅಕಿಮ್ ಸಾಹೇಬರ ತೋಳುಕುರ್ಚಿಯನ್ನು ಇಳಿಸಲು ಯಾರೂ ಸಿಗಲಿಲ್ಲ.

ಗೆದ್ದೆವು ಅಂತ ಹೇಳಲಾರೆ. ಮರುವಾರ ಪೊಲೀಸರು ಬಂದು ಕಾಗದ ಇಲ್ಲದವರ ಪಟ್ಟಿ ಮಾಡಿಕೊಂಡು ಹೋದರು. ನನ್ನನ್ನು ಠಾಣೆಗೆ ಮೂರು ಸಲ ಕರೆಸಿ, ಹಿಂದೆ ಯಾರಿದ್ದಾರೆ ಅಂತ ಕೇಳಿದರು. “ಗಾಳಿ ಇತ್ತು” ಅಂದೆ. ಬರೆದುಕೊಂಡರು. ಊರಿನವರು ನಮ್ಮಿಂದ ಊರಿನ ಹೆಸರು ಕೆಟ್ಟಿತು ಅಂದರು. ಮೆಲಿಸ್ ಒಮ್ಮೆ ಮನೆಗೆ ಬಂದ, ಮೂಗಿಗೆ ಪಟ್ಟಿ ಹಾಕಿಕೊಂಡು. ಎಲ್ಲ ಮರೆಯೋಣ, ಕೆಲಸಕ್ಕೆ ಬನ್ನಿ ಅಂದ. “ಕಾಗದ ತಿದ್ದು” ಅಂದೆ. “ಭಾರ ಅಂತ ಇರೋ ಕಡೆ ತಾಬಲ್ಡಿ, ಒರೋಜೋನ ಮಗ ಅಂತ ಬರಿ.” ಅವನು ತಾಬಲ್ಡಿಯನ್ನು ನೋಡಿದ, ನೆಲ ನೋಡಿದ. “ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು” ಅಂದ. ಬೇರೆ ಏನೂ ಬೇಕಾಗಿರಲಿಲ್ಲ. ಹೊರುವವರು ಸಿಗದೆ ಸೆಪ್ಟೆಂಬರಿನಲ್ಲಿ ಕ್ಲಬ್ ಸರೀ-ಬೆಲ್ ಬಿಟ್ಟು ಹೋಯಿತು. ನಮಗೆ ಹೊರುವ ಕೆಲಸವೂ ಹೋಯಿತು. ಆಲೂಗಡ್ಡೆ ಅಗೆಯಲು ಊರವರ ಹೊಲಕ್ಕೆ ಹೋದೆವು.

ಅಕ್ಟೋಬರಿನ ಮೊದಲ ಹಿಮ ಬಿದ್ದು ಕರಗಿದ ದಿನ, ಮಧ್ಯಾಹ್ನ, ಇಬ್ಬರು ಕುದುರೆ ಏರಿ ನಮ್ಮ ಬಾಗಿಲಿಗೆ ಬಂದರು. ಕಣಿವೆಯಾಚೆಯ ಬೆಟ್ಟದವರು. ಹಿರಿಯವನ ಹೆಸರು ಮಾಮಿತ್. ಜೊತೆಗೆ ಬಂದದ್ದು ಅವನ ತಂಗಿ. ಅವರದ್ದೂ ಹಂಚಿಕೆಯಲ್ಲಿ ಉಳಿದ ನೆತ್ತಿ, ಅವರ ಮುಖವೂ ನಮ್ಮ ಹಾಗೆ ಸುಟ್ಟದ್ದು. ಒಳಗೆ ಕರೆದು ಚಹಾ ಕೊಟ್ಟೆ, ರೊಟ್ಟಿ ಮುರಿದೆ.

“ಮೆಲಿಸ್ ಅನ್ನೋರು ಬಂದಿದ್ರು ಅಕ್ಕ” ಅಂದ ಮಾಮಿತ್. “ಗಾಳಿ ಬಾಳ ಚೆನ್ನಾಗಿದೆ ಅಂತ ಕಣ್ಣೀರು ಹಾಕಿದ್ರು. ಮೂವತ್ತು ಮನೆಗೂ ಕೆಲಸ ಅಂತೆ. ಆಗಾಗ ಬಿಟ್ಟಿ ಹಾರಿಸ್ತಾರಂತೆ. ನೀವು ಅವರ ಹತ್ರ ಇದ್ದೋರು. ಹೆಂಗೆ, ಒಳ್ಳೆ ಜನವಾ?”

ನಾನು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಲಿ? ಕಕ್ಕಸಿನ ಬಾಗಿಲಿಂದಲೇ, ಕುತ್ತಿಗೆಯ ಗಂಟಿಂದಲೇ? ಅಷ್ಟರಲ್ಲಿ ಒಳಗಿನ ಕೋಣೆಯಿಂದ ಟಕ್ ಟಕ್ ಸದ್ದು ಬಂತು. ತಾಬಲ್ಡಿ ಊರುಗೋಲಿನ ಮೇಲೆ ಬಂದು ನಿಂತ. ಬಾಗಿಲಿನಿಂದ ಚಹಾದ ಚಾಪೆಯವರೆಗೆ ಆರೇಳು ಹೆಜ್ಜೆ. ಆ ಹೆಜ್ಜೆಗಳನ್ನು ಅವನು ಇಡುವುದನ್ನು ಅವರಿಬ್ಬರೂ ನೋಡಿದರು. ಕಾಲು ಎಳೆದು ತರುವಾಗ ಅವನ ಹಣೆಯಲ್ಲಿ ಬೆವರು ಒಡೆಯಿತು. ತಂಗಿಯ ಕೈಯ ಬಟ್ಟಲು ಚಾಪೆಗೆ ಇಳಿಯಿತು. ಮಾಮಿತ್ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

“ನಿಮ್ಮ ಸಭೆ ಯಾವತ್ತು?” ಅಂತ ತಾಬಲ್ಡಿಯೇ ಕೇಳಿದ.

“ನಾಳೆ ಮಧ್ಯಾಹ್ನ. ಸಹಿ ಹಾಕೋದಕ್ಕೆ ಅವರೂ ಬರ್ತಾರೆ.”

“ನನ್ನನ್ನ ಕುದುರೆ ಮೇಲೆ ಕಟ್ಟಿ ಕೂರಿಸೋಕೆ ಆಗತ್ತಾ?”

“ಏಳು ಗಂಟೆ ದಾರಿ ಕಣೋ” ಅಂದೆ ನಾನು. “ಸೊಂಟ ನಿಲ್ಲತ್ತಾ ನಿಂಗೆ?”

“ಇಳಿದ ಮೇಲೆ ನಿಂತ್ರೆ ಸಾಕು.”

ಬೆಳಗಾಗುತ್ತಲೇ ಹೊರಟೆವು. ತಾಬಲ್ಡಿಯ ಬಲಗಾಲನ್ನು ಕಂಬಳಿ ಸುತ್ತಿ ಮಾಮಿತನ ಕುದುರೆಯ ಜೀನಿಗೆ ಕಟ್ಟಿದೆ. ಊರುಗೋಲುಗಳನ್ನು ನನ್ನ ಬೆನ್ನಿಗೆ ಹಾಕಿಕೊಂಡೆ. ಶೆಕೆರ್ ಅಕ್ಕ ಕೂಡ ಕರೆಯದೆಯೇ ಬಂದಳು. ದಾರಿಯಲ್ಲಿ ಮಾಮಿತನ ತಂಗಿ ತನ್ನ ಕುದುರೆಯನ್ನು ನನ್ನ ಪಕ್ಕಕ್ಕೆ ತಂದಳು.

“ಅಕ್ಕ, ಅಲ್ಲಿ ಸೂಟು ಹಾಕಿದೋರು, ಕಾಗದ ಹಿಡಿದೋರು ಎಲ್ಲ ಇರ್ತಾರೆ. ನೀವು ಎದ್ದು ಏನ್ ಹೇಳ್ತೀರ?”

“ನಾನೇನೂ ಹೇಳಲ್ಲಮ್ಮ” ಅಂದೆ. “ಇವನು ನಿಮ್ಮ ಜನದ ಮುಂದೆ ಈ ಕಡೆಯಿಂದ ಆ ಕಡೆಗೆ ಒಂದ್ಸಲ ನಡೀತಾನೆ.”